ಬೀಗರಲ್ಲದವರು ತಂದ ಹೋಳಿಗೆ

ಅಂಬ್ರಪ್ಪ ಮಾಸ್ತರರು ತೀರಿಹೋದ ಸುದ್ದಿ ಸುರಪುರದ ಮನೆಯ ಬಾಗಿಲಿಗೆ ಬಂದು ನಿಂತಾಗ ಅವರ ಮೊಮ್ಮಗಳು ಮರಿಲಿಂಗಮ್ಮ ನಗುತ್ತಿದ್ದಳು.

ಸುದ್ದಿ ತಂದವನು ಒಬ್ಬ ಎತ್ತರದ ತರುಣ. ಅಂಗಿಯೆಲ್ಲ ಧೂಳು. ಕಣ್ಣು ಕೆಂಪಗಾಗಿತ್ತು. ಬಾಗಿಲಲ್ಲಿ ನಿಂತು, "ಮಾಸ್ತರ ಮನಿ ಇದೇ ಏನ್ರಿ?" ಎಂದ.

ಮರಿಲಿಂಗಮ್ಮ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು. ಬೇಸಿಗೆ ಮುಗಿಯುವ ದಿನಗಳಲ್ಲಿ ಇಂಥ ಹುಡುಗರು ಆ ಬಾಗಿಲಿಗೆ ಬರುವುದು ಹೊಸತೇನಲ್ಲ. ಮುಂದೆ ಯಾವ ಯಾವ ಕಾಲೇಜಿಗೆ ಅರ್ಜಿ ಹಾಕಬೇಕೆಂದು ಅವಳ ಅಜ್ಜನನ್ನು ಕೇಳಲು ಸುತ್ತಲಿನ ಊರಿನವರೆಲ್ಲ ಬರುತ್ತಿದ್ದರು.

"ಇದೇ ರಿ. ಆದ್ರ ಮುತ್ಯಾ ತಿಂಥಣಿಗಿ ಹೋಗ್ಯಾನ. ಇವತ್ತು ಅಮಾಸಿ ಅಲ್ಲೇನ್ರಿ, ಮೌನೇಶ್ವರಗ ಕಾಯಿ ಒಡಿಸ್ಕೊಂಡು ಸಂಜಿ ಬಸ್ಸಿಗಿ ಬರ್ತಾನ. ಕೂಡ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಕೊನೆಗೆ ಕುಡಿಯಲು ನೀರು ಕೇಳಿದ.

ಅವಳು ತಂಬಿಗೆ ತಂದುಕೊಟ್ಟಳು. ಹೆಸರು ಕೇಳಿದಳು. ನೀಲಕಂಠ, ಶಹಾಪುರ ತಾಲೂಕಿನ ಸಗರದವನು, ಹೋದ ವರ್ಷ ಬಿ.ಎಸ್ಸಿ. ಮುಗಿಸಿ ಹೊಲ ನೋಡಿಕೊಂಡಿದ್ದಾನೆ, ಈಗ ಎಂ.ಎಸ್ಸಿ. ಓದಬೇಕೆಂದಿದ್ದಾನೆ. ಒಂದೊಂದು ಮಾತನ್ನೂ ಅವಳೇ ಕೇಳಿ ಕೇಳಿ ಎಳೆದಳು. ಎಂಥ ಬಾಯಿಲ್ಲದ ಹುಡುಗನಪ್ಪಾ ಇವನು, ಎಂದುಕೊಂಡಳು ಮನಸ್ಸಿನಲ್ಲೇ.

"ಎಲ್ಲೆಲ್ಲಿ ಹಾಕಬೇಕಂತ ಮಾಡೀರಿ?"

ಅವನು ಹೆಸರು ಹೇಳಿದ. ದಿಲ್ಲಿ, ಪುಣೆ, ಬೆಂಗಳೂರು, ಮತ್ತೆ ದಿಲ್ಲಿ. ಒಂದಕ್ಕಿಂತ ಒಂದು ದೊಡ್ಡದು. ಅಂಕ ಕೇಳಿದರೆ ಎರಡನೆಯ ದರ್ಜೆ.

ಆಗ ಅವಳಿಗೆ ನಗು ತಡೆಯಲಾಗಲಿಲ್ಲ. ಮೊರ ಬದಿಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಹೊಲದ ತುಂಬ ಹತ್ತಿನೇ ಬಿತ್ತೀರಲ್ರಿ. ಮಳಿ ಕೈಕೊಟ್ರ ಉಣ್ಣೂದೇನು? ಮುತ್ಯಾ ನೋಡಿದ್ರ ನಿಮ್ಮ ಕಿವಿ ಹಿಂಡತಾನ."

ನೀಲಕಂಠ ಅವಳನ್ನೇ ನೋಡುತ್ತ ಕುಳಿತ. ಆ ನೋಟದಲ್ಲಿ ಏನೋ ಇತ್ತು... ನಾಚಿಕೆಯಲ್ಲ, ಸಿಟ್ಟಲ್ಲ. ಅವಳಿಗೆ ಗುರುತು ಹತ್ತಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪ ತಾಯಪ್ಪ ಹೊಲದಿಂದ ಬಂದ. ನೀಲಕಂಠ ಎದ್ದು, ಅವನ ಕೈ ಹಿಡಿದು ಬೇವಿನ ಮರದ ಕೆಳಗೆ ಕರೆದೊಯ್ದ. ಎರಡೇ ಮಾತು. ತಾಯಪ್ಪ ನಿಂತಲ್ಲೇ ನೆಲಕ್ಕೆ ಕುಳಿತ.

ಮರಿಲಿಂಗಮ್ಮನ ತುಟಿಯ ಮೇಲೆ ನಗು ಇನ್ನೂ ಹಾಗೆಯೇ ಉಳಿದಿತ್ತು.

ಸ್ವಲ್ಪ ಹೊತ್ತಿಗೆ ಜೀಪು ಬಂತು. ಜೀಪು ಗೊತ್ತುಮಾಡುವಷ್ಟರಲ್ಲಿ ಸುದ್ದಿ ಮುಟ್ಟಿಸಲೆಂದು ನೀಲಕಂಠ ಸಿಕ್ಕ ಲಾರಿ ಹತ್ತಿ ಮುಂದೆ ಬಂದಿದ್ದ. ಹಿಂದಿನ ಸೀಟಿನಲ್ಲಿ ನೀಲಕಂಠನ ತಾಯಿ ಸುಂದ್ರಮ್ಮ ಮಾಸ್ತರರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಮಾವಾಸ್ಯೆಗೆ ಮಾಸ್ತರರು ಅಲ್ಲೇ ಸಿಗುತ್ತಾರೆಂದು ತಿಳಿದು, ಮಗನ ಓದಿನ ವಿಷಯ ಕೇಳಲು ಅವರಿಬ್ಬರೂ ನೇರ ತಿಂಥಣಿಗೇ ಹೋಗಿದ್ದರಂತೆ. ಗುಡಿಯ ಮೆಟ್ಟಿಲ ಮೇಲೆ ಮಾತಾಡುತ್ತ ಕುಳಿತಿದ್ದ ಮಾಸ್ತರರು ಹಾಗೆಯೇ ಒರಗಿದರಂತೆ. ಕೊನೆಯ ಗುಟುಕು ನೀರು ಸುಂದ್ರಮ್ಮನ ಕೈಯಿಂದಲೇ ಹೋಯಿತಂತೆ.

ಪುಣ್ಯವಂತರ ಸಾವು ಎಂದು ಊರು ಮಾತಾಡಿಕೊಂಡಿತು. ಮರಿಲಿಂಗಮ್ಮನ ಕಿವಿಗೆ ಅದಾವುದೂ ಬೀಳಲಿಲ್ಲ.

'ಗೊತ್ತಿದ್ದೂ ನನ್ನನ್ನು ನಗಲು ಬಿಟ್ಟನಲ್ಲ. ಅಜ್ಜ ಅಲ್ಲಿ ತಣ್ಣಗಾಗಿ ಮಲಗಿದ್ದಾಗ ನಾನಿಲ್ಲಿ ಹಲ್ಲು ಬಿಡುತ್ತಿದ್ದೆನಲ್ಲ...'

ಮಣ್ಣು ಕೊಟ್ಟು ಬಂದ ಮೇಲೂ ಅದೊಂದೇ ಮಾತು ಅವಳ ಎದೆಯಲ್ಲಿ ಮುಳ್ಳಾಡಿತು.

ಅಂಬ್ರಪ್ಪ ಮಾಸ್ತರರು ದೊಡ್ಡ ವಿದ್ವಾಂಸರೇನಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿಸಿ ನಿವೃತ್ತರಾದವರು. ಆದರೆ ನಾರಾಯಣಪುರದ ಕಾಲುವೆ ಬಂದು ಹೊಲಗಳಿಗೆ ನೀರು ಹರಿದ ಮೇಲೆ, ಆ ಸೀಮೆಯಲ್ಲಿ ಮಕ್ಕಳನ್ನು ದೊಡ್ಡ ಓದಿಗೆ ಕಳಿಸುವ ಆಸೆಯೂ ಹರಿಯಿತು. ಎಲ್ಲಿಗೆ ಕಳಿಸುವುದು, ಹೇಗೆ ಕಳಿಸುವುದು ಯಾರಿಗೂ ತಿಳಿಯದು. ಮಾಸ್ತರರು ಪತ್ರಿಕೆ ಓದಿ, ಕಾಲೇಜುಗಳಿಗೆ ಕಾಗದ ಬರೆದು, ಹೋಗಿಬಂದವರನ್ನು ಕೇಳಿ ತಿಳಿದುಕೊಂಡರು. ತಿಳಿದದ್ದನ್ನು ರೈತರ ಮಾತಿನಲ್ಲಿ ಹೇಳಿದರು.

ಕಾಲುವೆ ಬಂತೆಂದು ಹೊಲಕ್ಕೆಲ್ಲ ಒಂದೇ ಬೆಳೆ ಇಡಬಾರದು. ಕೈ ಹಿಡಿದರೆ ಮನೆತನವನ್ನೇ ಎತ್ತುವ ಹತ್ತಿ ಸ್ವಲ್ಪ ಇರಲಿ. ನಮ್ಮ ನೆಲಕ್ಕೆ ಒಗ್ಗಿದ ತೊಗರಿ ಹೆಚ್ಚಿಗೆ ಇರಲಿ. ಏನಾದರೂ ಆಗಲಿ, ರೊಟ್ಟಿಗಾದರೂ ಬರಲಿ ಎಂದು ಒಂದು ಮಡಿ ಜೋಳವಿರಲಿ. ಕಾಲೇಜಿನ ಅರ್ಜಿಯೂ ಹಾಗೆಯೇ. ಆಸೆಯದು ಒಂದು, ಅಂಕಕ್ಕೆ ಒಪ್ಪುವಂಥವು ಎರಡು ಮೂರು, ಖಂಡಿತ ಸಿಗುವಂಥದು ಒಂದು.

ಇನ್ನೊಂದು ಮಾತನ್ನೂ ಅವರು ಹೇಳುತ್ತಿದ್ದರು. ಕೆಲವು ಕಾಲೇಜು ಪಾಳಿ ನೀರಿನಂತೆ. ಕೊನೆಯ ದಿನದವರೆಗೆ ಎಲ್ಲರ ಅರ್ಜಿ ಕೂಡಿಸಿ, ಒಟ್ಟಿಗೆ ತೂಗಿ, ಪಟ್ಟಿ ಹಚ್ಚುತ್ತವೆ. ಅಲ್ಲಿ ಮೊದಲು ಹೋದರೂ ಅಷ್ಟೇ, ಕೊನೆಗೆ ಹೋದರೂ ಅಷ್ಟೇ. ಕೆಲವು ಮಾತ್ರ ಹರಿ ನೀರು. ಬಂದ ಬಂದ ಅರ್ಜಿಯನ್ನು ಬಂದಾಗಲೇ ತೂಗಿ ಸೀಟು ಕೊಡುತ್ತ ಹೋಗುತ್ತವೆ, ತುಂಬಿದ ದಿನ ಬಾಗಿಲು ಹಾಕುತ್ತವೆ. ಅಲ್ಲಿ ಮೊದಲು ಮಡಿ ಹೂಡಿದವನಿಗೆ ನೀರು.

ಮರಿಲಿಂಗಮ್ಮನಿಗೆ ಇದೆಲ್ಲ ಬಾಯಿಪಾಠ. ಅವಳದೂ ಆ ವರ್ಷವೇ ಬಿ.ಎಸ್ಸಿ. ಮುಗಿದಿತ್ತು. ಅಜ್ಜ ಅವಳಿಗೆಂದು ಹೈದರಾಬಾದಿನ ಒಂದು ಕಾಲೇಜು ಕಂಡುಹಿಡಿದಿದ್ದರು. ಅಲ್ಲಿ ಸಸ್ಯಶಾಸ್ತ್ರಕ್ಕೆ ಒಳ್ಳೆಯ ಹೆಸರು, ಹುಡುಗಿಯರಿಗೆ ಹಾಸ್ಟೆಲ್ಲು. ಆದರೆ ಅದು ಹರಿ ನೀರಿನ ಕಾಲೇಜು. ಪರೀಕ್ಷೆಯ ಫಲಿತಾಂಶ ಬಂದ ಮರುದಿನವೇ ಅಂಕಪಟ್ಟಿ ಹಿಡಿದು ಇಬ್ಬರೂ ಹೋಗಿಬಿಡೋಣ ಎಂದು ಅಜ್ಜ ಹೇಳಿದ್ದರು.

ಫಲಿತಾಂಶ ಬಂತು. ಪ್ರಥಮ ದರ್ಜೆ. ಅಜ್ಜನಿರಲಿಲ್ಲ.

ಹೋಗುವುದಕ್ಕೆ ಅಪ್ಪ ಅಡ್ಡಿಯಾಗಿರಲಿಲ್ಲ. ಅಡ್ಡಿಯಾಗಿದ್ದು ರೂಢಿ. ಸಾವಾದ ಮನೆಯಲ್ಲಿ ಮೊದಲ ಹಬ್ಬಕ್ಕೆ ಬೀಗರು ಸಿಹಿ ತಂದು, ಮನೆಮಂದಿಗೆ ತಮ್ಮ ಕೈಯಾರೆ ತಿನ್ನಿಸಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ಹೂರಣ ಬೇಯುವುದಿಲ್ಲ, ಹೊಸ ಬಟ್ಟೆ ಇಲ್ಲ, ಹೊಸ ಕೆಲಸಕ್ಕೆ ಯಾರೂ ಹೊಸ್ತಿಲು ದಾಟುವುದಿಲ್ಲ. ಬೀಗರೆಂದರೆ ಮರಿಲಿಂಗಮ್ಮನ ಅವ್ವನ ತವರಿನವರು, ಗುರುಮಠಕಲ್ಲಿನವರು. ಬಿತ್ತನೆಯ ದಿನಗಳು, ಪಂಚಮಿಗಲ್ಲದೆ ಬರಲಾಗದು ಎಂದು ಮಾವ ಹೇಳಿಕಳಿಸಿದ.

ಪಂಚಮಿ ಬರುವುದು ಶ್ರಾವಣಕ್ಕೆ. ಅಲ್ಲಿಯವರೆಗೆ ಹೈದರಾಬಾದಿನ ಸೀಟು ಯಾರಿಗಾಗಿ ಕಾಯುತ್ತದೆ?

ರೂಢಿ ಕಾಯುವವಳು ಮಾಸ್ತರರ ತಂಗಿ ಹಣಮಮ್ಮ, ಮರಿಲಿಂಗಮ್ಮನಿಗೆ ಆಯಿ. ಚಿಕ್ಕಂದಿನಲ್ಲೇ ಗಂಡನನ್ನು ಕಳಕೊಂಡು ಅಣ್ಣನ ಮನೆಯಲ್ಲೇ ತಲೆ ಬೆಳ್ಳಗಾದವಳು. ಬಾಯಿ ಖಾರ, ಹೊಟ್ಟೆ ತಂಪು. ಕಾರಹುಣ್ಣಿಮೆಗೆ ಯಾರಾದರೂ ಬಂದಾರೇ ಎಂದು ಮೊಮ್ಮಗಳು ಆಸೆಯಿಂದ ಕೇಳಿದರೆ, ಅದು ಎತ್ತಿನ ಹಬ್ಬ, ನೀ ಎತ್ತೇನು ಎಂದಳು.

ಆದರೆ ಅರ್ಜಿಯ ವಿಷಯ ಕೇಳಲು ಬರುವ ಹುಡುಗರು ನಿಲ್ಲಲಿಲ್ಲ. ಅಜ್ಜನಿಲ್ಲದ್ದು ತಿಳಿದು ಬಾಗಿಲಲ್ಲೇ ಕಣ್ಣೊರೆಸಿಕೊಂಡು ಹಿಂದಿರುಗುತ್ತಿದ್ದರು. ಒಂದು ದಿನ ಮರಿಲಿಂಗಮ್ಮ ಒಬ್ಬ ಹುಡುಗಿಯನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿಕೊಂಡಳು. ಆಯಿ ಬೈಯುತ್ತಾಳೆಂದು ಹೆದರಿದ್ದಳು. ಹಣಮಮ್ಮ ಬೈಯಲಿಲ್ಲ.

"ಅದು ನಮ್ಮಣ್ಣನ ಹಳೇ ಕೆಲಸ. ಹಳೇ ಕೆಲಸಕ್ಕ ಮೈಲಿಗಿಲ್ಲ. ನಿಂದು ಹೊಸಾದು, ಅದಕ್ಕ ಐತಿ."

ಹೀಗೆ, ಊರ ಮಕ್ಕಳನ್ನೆಲ್ಲ ಕಾಲೇಜಿಗೆ ಕಳಿಸಬಹುದು, ತಾನು ಮಾತ್ರ ಹೋಗಬಾರದು ಎಂಬಂತಾಯಿತು ಅವಳ ಸ್ಥಿತಿ.

ಅಂಥದೊಂದು ಬೆಳಗ್ಗೆ ನೀಲಕಂಠ ಮತ್ತೆ ಬಂದ.

ಅವನ ಮುಖ ಕಂಡೊಡನೆ ಅವಳ ಎದೆಯ ಮುಳ್ಳು ಅಲುಗಿತು. ಆದರೂ ಬಂದವನನ್ನು ಕಟ್ಟೆಯಿಂದ ಎಬ್ಬಿಸುವುದು ಅಜ್ಜನ ಮನೆಯ ಪದ್ಧತಿಯಲ್ಲ. ಮಾತು ಎಷ್ಟು ಬೇಕೋ ಅಷ್ಟೇ ಆಡಿ ಅವನ ಅರ್ಜಿಗಳನ್ನು ಸರಿಮಾಡಿದಳು. ದಿಲ್ಲಿ ಒಂದೇ ಇರಲಿ ಎಂದಳು. ಕಲಬುರಗಿ, ಧಾರವಾಡ ಸೇರಿಸಿದಳು. ಖಂಡಿತ ಸಿಗುವಂಥ ರಾಯಚೂರಿನದೊಂದು ಹೇಳಿದಳು. ಕಲಬುರಗಿಯದು ಪಾಳಿಯದು, ಅವಸರ ಬೇಡ. ರಾಯಚೂರಿನದು ಹರಿಯದು, ನಾಳೆಯೇ ಹೋಗಿ ಎಂದಳು.

ಅವನು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಮೆಲ್ಲಗೆ ಕೇಳಿದ. "ಮತ್ತ ನೀವು ಎಲ್ಲೆಲ್ಲಿ ಹಾಕೀರಿ?"

ಪಂಚಮಿಯಾದ ಮೇಲೆ ಇಲ್ಲೇ ಹತ್ತಿರ ಎಲ್ಲಾದರೂ ಬಿ.ಎಡ್.ಗೆ, ಎಂದಳು ಅವಳು.

"ಪ್ರಥಮ ದರ್ಜೆ ಬಂದೈತಂತ. ನನಗ ಹತ್ತಿ ಬ್ಯಾಡಂದ್ರಿ, ನಿಮ್ಮ ಹೊಲದ ತುಂಬ ಬರೇ ಜೋಳ ಐತಲ್ರಿ."

ಮಾತು ಹಗುರವಾಗಿಯೇ ಆಡಿದ್ದ. ಆದರೆ ಅವಳ ಕಣ್ಣು ತುಂಬಿತು, ಸಿಟ್ಟೂ ತುಂಬಿತು.

"ನಮ್ಮ ಹೊಲದ ಚಿಂತಿ ನಿಮಗ ಬ್ಯಾಡ. ನಮ್ಮ ಮುತ್ಯಾ ಸತ್ತಾನಂತ ಬಾಯಾಗ ಇಟ್ಕೊಂಡು ಕುಂತು, ನಾ ಹಲ್ಲು ಕಿಸಿಯೂದು ನೋಡಿದ್ರಲ್ಲ. ಅಂಥವರ ಕೂಡ ನನಗ ಮಾತಿಲ್ಲ."

ನೀಲಕಂಠನ ಮುಖ ಬಾಡಿತು. ಒಂದು ಮಾತೂ ಆಡದೆ ಎದ್ದು ಹೋದ.

ಅವನು ಹೋದ ದಾರಿಯನ್ನು ಅವಳು ಬಹಳ ಹೊತ್ತು ನೋಡಿದಳು. ಗೆದ್ದೆನೆಂಬ ಸಮಾಧಾನ ಮಾತ್ರ ಬರಲಿಲ್ಲ. 'ಏನಾದರೂ ಒಂದು ಉತ್ತರ ಕೊಟ್ಟಿದ್ದರೆ...'

ಬಸ್ ನಿಲ್ದಾಣದ ಹತ್ತಿರ ಮಮ್ತಾಜಳ ಟೆಲಿಫೋನು ಬೂತು ಇತ್ತು. ಮಮ್ತಾಜ ಮರಿಲಿಂಗಮ್ಮನ ಜೊತೆ ಶಾಲೆ ಕಲಿತವಳು. ಅವಳ ಮಾಮು ಹೈದರಾಬಾದಿನಲ್ಲಿ ಆ ಕಾಲೇಜಿನ ಓಣಿಯಲ್ಲೇ ಮನೆ ಮಾಡಿಕೊಂಡಿದ್ದ. ವಾರಕ್ಕೊಮ್ಮೆ ಮರಿಲಿಂಗಮ್ಮ ಅಲ್ಲಿಗೆ ಹೋಗಿ, ಸೀಟು ಎಷ್ಟು ಉಳಿದಿವೆ ಎಂದು ಮಾಮುವಿನಿಂದ ಕೇಳಿಸುತ್ತಿದ್ದಳು. ಹೋಗಲಾಗದ ಊರಿನ ಸುದ್ದಿ ಕೇಳುವುದರಲ್ಲಿ ಏನೋ ಒಂದು ನೋವಿನ ಸುಖ.

ಆ ವಾರ ಮಾಮು ಹೇಳಿದ ಸುದ್ದಿ ಚೆನ್ನಾಗಿರಲಿಲ್ಲ. ಅರ್ಧಕ್ಕೂ ಹೆಚ್ಚು ತುಂಬಿದೆ, ದಿನಾ ಜನ ಬರುತ್ತಿದ್ದಾರೆ. ಹುಡುಗಿಗೆ ಬರುವ ಮನಸ್ಸಿದ್ದರೆ ಈಗಲೇ ಬರಲಿ.

ರಿಸೀವರು ಇಟ್ಟು ತಿರುಗಿದರೆ ನೀಲಕಂಠ ನಿಂತಿದ್ದ. ರಾಯಚೂರಿನಿಂದ ಬಂದ ಬಸ್ಸಿನಿಂದ ಆಗತಾನೇ ಇಳಿದಿದ್ದ. ಅವಳು ಅವನನ್ನು ದಾಟಿ ಹೋಗಬೇಕೆಂದಿದ್ದಳು. ಮಮ್ತಾಜ ಬಿಡಲಿಲ್ಲ.

"ಅರೇ ಮರಿ, ಎಷ್ಟು ದಿನ ಮುಖ ಉಬ್ಬಿಸ್ಕೊಂಡು ತಿರಗತಿ? ಇಬ್ಬರೂ ಇಲ್ಲೇ ಜಗಳ ಮಾಡ್ರಿ. ನಾ ಚಹಾ ಹೇಳಿ ಬರ್ತೀನಿ," ಎಂದು ಬೂತಿನಲ್ಲಿ ಇಬ್ಬರನ್ನೇ ಬಿಟ್ಟು ಹೊರಗೆ ಹೋದಳು.

ನೀಲಕಂಠ ನೆಲ ನೋಡುತ್ತ ಹೇಳಿದ.

"ಅವತ್ತು ಹೇಳಬೇಕಂತಲೇ ಓಡಿ ಬಂದಿದ್ದೆ. ನೀವು ಕೂಡ್ರಿ ಅಂದ್ರಿ, ನೀರು ಕೊಟ್ರಿ, ನಗಾಕತ್ತಿದ್ರಿ. ನಾ ಬಾಯಿ ತೆರದ್ರ ಈ ನಗು ಎಷ್ಟು ದಿನಕ್ಕ ಹೋಗತೈತೋ ಏನೋ, ಇನ್ನೊಂದು ಗಳಿಗಿ ಇರಲಿ ಅಂದೆ. ತಪ್ಪಾಗಿದ್ರ ಅದು ಒಂದೇ ತಪ್ಪು."

ಮರಿಲಿಂಗಮ್ಮನಿಗೆ ಎದೆಯ ಮುಳ್ಳು ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ. ಅದರ ಜಾಗದಲ್ಲಿ ಏನೋ ಬೆಚ್ಚಗಿತ್ತು. ಈ ಮನುಷ್ಯ ತನ್ನ ನಗುವನ್ನು ಕಾಯುತ್ತ ಕುಳಿತಿದ್ದ, ತಾನೋ ಅವನನ್ನು ಹಂಗಿಸಿದ್ದೆ...

ಚಹಾ ಬರುವಷ್ಟರಲ್ಲಿ ಅವಳು ಎಲ್ಲ ಹೇಳಿದ್ದಳು. ಹೈದರಾಬಾದಿನ ಕಾಲೇಜು, ಅಜ್ಜನ ಆಸೆ, ಪಂಚಮಿ, ಬೀಗರ ಸಿಹಿ. ಆಯಿಯ ಮನಸ್ಸು ನೋಯಿಸಿ ಮಾತ್ರ ತಾನು ಹೊರಡಲಾರೆ ಎಂದಳು. ಅಣ್ಣನನ್ನು ಕಳಕೊಂಡ ಮುದುಕಿಗೆ ಈಗ ಉಳಿದಿರುವುದು ಅವಳ ರೂಢಿಯೊಂದೇ.

ಅವನು ಅವಳಿಗೆ ಬುದ್ಧಿ ಹೇಳಲಿಲ್ಲ. ರೂಢಿಯನ್ನು ಹೀಗಳೆಯಲಿಲ್ಲ. ಬೀಗರೇ ಬರಬೇಕೇನು, ಬೇರೆಯವರು ತಂದರೆ ನಡೆಯದೇನು, ಎಂದಷ್ಟೇ ಕೇಳಿದ. ಬೀಗರೇ ಆಗಬೇಕು ಎಂದಳು.

"ನೀ ಯಾವ ಬೀಗನಪಾ ಕೇಳಾಕ?" ಎಂದು ಮಮ್ತಾಜ ಚಹಾದ ಲೋಟ ಅವನ ಕೈಗಿಟ್ಟಳು. ಇಬ್ಬರ ಮುಖವೂ ಕೆಂಪಗಾಯಿತು. ಮಮ್ತಾಜಳಿಗೆ ಅಷ್ಟು ಸಾಕಾಗಿತ್ತು, ಆ ಮೇಲೆ ಅವಳು ಒಂದು ವಾರ ಅದನ್ನೇ ಎತ್ತಿ ಎತ್ತಿ ಆಡಿದಳು.

ಆದರೆ ಆಮೇಲೆ ನೀಲಕಂಠ ಕಾಣಲಿಲ್ಲ.

ಬೂತಿಗೆ ಬರಲಿಲ್ಲ, ಮನೆಗೆ ಬರಲಿಲ್ಲ. ಕೊನೆಗೆ ಮಮ್ತಾಜಳ ಮಾಮುವೇ ಫೋನಿನಲ್ಲಿ ಹೇಳಿದ. ನಿಮ್ಮ ಕಡೆಯ ಹುಡುಗನೊಬ್ಬ ಬಂದಿದ್ದ, ಎತ್ತರದವನು, ಕಾಲೇಜಿನ ಆಫೀಸಿನಲ್ಲಿ ಬಹಳ ಹೊತ್ತು ಕುಳಿತಿದ್ದ, ಸೀಟಿನ ವಿಷಯವೇ ಮಾತಾಡುತ್ತಿದ್ದ.

ಮರಿಲಿಂಗಮ್ಮ ಮನೆಗೆ ಬಂದು ದೇವರ ಮುಂದೆ ಕುಳಿತಳು.

'ನನ್ನ ಬಾಯಿಂದಲೇ ಕೇಳಿಕೊಂಡು ಹೋಗಿ ತನಗೆ ಸೀಟು ಮಾಡಿಕೊಂಡನೇ? ಕಾಲುವೆ ನೀರು ಕೊನೆಗೆ ಮುಟ್ಟುವ ತುದಿ ಹೊಲದವರು ಅವರು, ನೀರು ಕಂಡರೆ ಬಿಡುವುದಿಲ್ಲ ಎನ್ನುತ್ತಾರೆ...' ಹಾಗೆ ಅಂದುಕೊಂಡ ಮರುಗಳಿಗೆಗೆ ಅವಳಿಗೇ ನಾಚಿಕೆಯಾಯಿತು. ಅವನು ಓದುವುದು ರಸಾಯನಶಾಸ್ತ್ರ, ತನ್ನ ಸೀಟು ಅವನಿಗೇಕೆ? ಹೋದವನು ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ. ನೋವಾದದ್ದು ಸೀಟಿಗಲ್ಲ, ಹೇಳದೆ ಹೋದದ್ದಕ್ಕೆ ಎಂದು ಅವಳಿಗೆ ಆಗ ತಿಳಿಯಿತು. ತಿಳಿದು ಹೆದರಿಕೆಯೂ ಆಯಿತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಓಣಿಯ ಮಕ್ಕಳೆಲ್ಲ ಮಣ್ಣಿನ ಎತ್ತು ಹಿಡಿದು ಮನೆಮನೆಗೆ ತಿರುಗುತ್ತಿದ್ದರು. ಆ ಮನೆಯ ಒಲೆಯ ಮೇಲೆ ಮಾತ್ರ ಎಂದಿನ ಸಾರು.

ಹೊತ್ತು ನೆತ್ತಿಗೆ ಬರುವ ಮುಂಚೆ ಸುಂದ್ರಮ್ಮ ತಲೆಯ ಮೇಲೊಂದು ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ಹಿಂದೆ ನೀಲಕಂಠ. ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿತ್ತು. ಬಟ್ಟೆ ಮುಚ್ಚಿದರೇನು, ಹೋಳಿಗೆಯ ವಾಸನೆ ಓಣಿಗೆಲ್ಲ ಗೊತ್ತಾಗಿತ್ತು.

ಹಣಮಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ಬರ್ರಿ ಅನ್ನಾಕ ಬಾಯಿ ಐತಿ ತಂಗಿ. ಆದ್ರ ಸಾವಿನ ಮನಿಗಿ ಮೊದಲ ಸಿಹಿ ಬೀಗರು ತರ್ತಾರ. ನೀ ಯಾವ ಸಂಬಂಧದ ಮ್ಯಾಲ ತಂದಿ?"

ಓಣಿಯ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಮರಿಲಿಂಗಮ್ಮ ನಡುಮನೆಯ ಕಂಬ ಹಿಡಿದು ನಿಂತಳು.

ಸುಂದ್ರಮ್ಮ ಬುಟ್ಟಿ ಇಳಿಸಲಿಲ್ಲ. "ಸಂಬಂಧ ಇನ್ನಾ ಆಗಿಲ್ಲ ಅಕ್ಕ. ಆಗಲಿ ಅನ್ನೂ ಆಸೆ ಹೊತ್ತು ಬಂದೀನಿ. ಬ್ಯಾಡಂದ್ರ ಸಿಟ್ಟಿಲ್ಲ. ಎತ್ತಿಗೆ ತಿನ್ನಿಸ್ಕೊಂತ ಸಗರಕ್ಕ ಹೋಗ್ತೀನಿ."

ಹಣಮಮ್ಮ ಹಿಂದೆ ತಿರುಗಿ ಮೊಮ್ಮಗಳ ಮುಖ ನೋಡಿದಳು. ಅಪ್ಪನೂ ನೋಡಿದ. ಅವ್ವನೂ ನೋಡಿದಳು.

ಮರಿಲಿಂಗಮ್ಮ ಮುಂದೆ ಬಂದಳು.

"ತಪ್ಪು ತಿಳೀಬ್ಯಾಡ್ರಿ ಅತ್ತಿ. ಸೀಟಿನ ಆಸೆಗೆ ನಾ ಹೋಳಿಗಿ ತಿಂದ್ರ, ಅದು ಸೀಟಿಗಿ ಕೊಟ್ಟ ಬೆಲಿ ಆಕ್ಕೈತಿ. ಅಂಥ ಸಂಬಂಧ ನಿಮಗೂ ಬ್ಯಾಡ, ನನಗೂ ಬ್ಯಾಡ."

ಮಣ್ಣೆತ್ತಿನ ಮಕ್ಕಳೂ ಬಾಗಿಲ ಹತ್ತಿರ ಬಂದು ನಿಂತರು.

ಆಗ ನೀಲಕಂಠ ಮುಂದೆ ಬಂದ. ಹೈದರಾಬಾದಿಗೆ ಹೋದದ್ದನ್ನು ಎಲ್ಲರ ಮುಂದೆ ಹೇಳಿದ. ಸಾವಿನ ಮನೆಯ ಹುಡುಗಿ, ಪಂಚಮಿಯವರೆಗೆ ಒಂದು ಸೀಟು ಹಿಡಿದಿಡಿ ಎಂದು ಬೇಡಲು ಹೋಗಿದ್ದನಂತೆ. ಯಾರಿಗೂ ಹಿಡಿದಿಡುವ ಪದ್ಧತಿಯಿಲ್ಲ, ಬಂದವರಿಗೆ ಕೊಡುತ್ತೇವೆ, ಇನ್ನು ಕೆಲವೇ ಉಳಿದಿವೆ ಎಂದರಂತೆ. ಬರಿಗೈಯಲ್ಲಿ ಬಂದು ಮುಖ ತೋರಿಸಲು ನಾಚಿಕೆಯಾಗಿ ಸಗರದಲ್ಲೇ ಉಳಿದೆ ಎಂದ.

ಆಮೇಲೆ ಅವಳ ಕಡೆ ತಿರುಗಿ, ಅವಳೊಬ್ಬಳಿಗೇ ಹೇಳುವಂತೆ ಹೇಳಿದ.

"ಹೋಳಿಗಿ ಮಾಸ್ತರಗೋಸ್ಕರ ತಿನ್ರಿ. ಸೀಟು ನಿಮ್ಮ ಅಂಕಕ್ಕ ತಗೋರಿ. ಸಂಬಂಧದ ಮಾತಿಗಿ ಉತ್ತರ ಇವತ್ತು ಬ್ಯಾಡ. ಯಾವಾಗರ ಕೊಡ್ರಿ, ಇಲ್ಲಾ ಅಂದ್ರೂ ಕೊಡ್ರಿ. ಅದಕ್ಕ ಗಡುವಿಲ್ಲ."

ಮರಿಲಿಂಗಮ್ಮ ಕಣ್ಣು ತಗ್ಗಿಸಿದಳು. ಈಗ ಮಾತು ಉಳಿದದ್ದು ಹಣಮಮ್ಮನದು. ಸಂಬಂಧವೇ ಇಲ್ಲವೆಂದ ಮೇಲೆ ಈ ಸಿಹಿಗೆ ರೂಢಿಯಲ್ಲಿ ಜಾಗ ಎಲ್ಲಿ?

ಹಣಮಮ್ಮ ಬಹಳ ಹೊತ್ತು ಸುಂದ್ರಮ್ಮನನ್ನೇ ನೋಡಿದಳು. ಬುಟ್ಟಿ ಹೊತ್ತ ಆ ಕೈಗಳನ್ನು ನೋಡಿದಳು.

"ನಮ್ಮಣ್ಣ ಹೋಗುವಾಗ ನಾವ್ಯಾರೂ ಇದ್ದಿಲ್ಲ. ಅವನ ಬಾಯಿಗಿ ನೀರು ಬಿಟ್ಟಾಕಿ ಈಕಿ. ತಿಂಥಣಿಯಿಂದ ಇಲ್ಲೀತನ ಅವನ ತಲಿ ಈಕಿ ತೊಡಿಮ್ಯಾಲ ಇತ್ತು. ಯಾವ ಬೀಗರು ಮಾಡ್ಯಾರಪ ಇಷ್ಟು? ಇದು ಸಂಬಂಧ ಅಲ್ಲ ಅಂದ್ರ, ಸಂಬಂಧ ಅನ್ನೂದು ಏನೂ ಇಲ್ಲ ಲೋಕದಾಗ."

ಹಾಗೆ ಹೇಳಿ ಬುಟ್ಟಿಗೆ ತಾನೇ ಕೈಯಾನಿಸಿ ಇಳಿಸಿಕೊಂಡಳು. ಸುಂದ್ರಮ್ಮ ಮೊದಲ ತುಣುಕು ಮುರಿದು ಅವಳ ಬಾಯಿಗಿಟ್ಟಳು. ಮುದುಕಿ ಅಗಿಯುತ್ತ ಅತ್ತಳು. ಅಳುತ್ತಲೇ, ಬೆಲ್ಲ ಒಂದಿಷ್ಟು ಹೆಚ್ಚಾಗೈತಿ ತಂಗಿ, ಎಂದಳು. ಓಣಿಯೆಲ್ಲ ನಕ್ಕಿತು. ಆ ಮನೆಯಲ್ಲಿ ಮಾಸ್ತರರು ಹೋದ ಮೇಲೆ ಅದೇ ಮೊದಲ ನಗು.

ಮರಿಲಿಂಗಮ್ಮನೂ ತಿಂದಳು. ತಿನ್ನುತ್ತ ಕಣ್ಣೆತ್ತಿದರೆ ನೀಲಕಂಠ ಬೇವಿನ ಮರದ ಕಡೆ ಮುಖ ಮಾಡಿ ನಿಂತಿದ್ದ. ಉತ್ತರ ಕೇಳುವುದಿಲ್ಲವೆಂದು ಮಾತು ಕೊಟ್ಟವನು ಅವಳ ಮುಖವನ್ನೂ ನೋಡದೆ ಆ ಮಾತು ಉಳಿಸುತ್ತಿದ್ದ.

ಮರುದಿನ ಬೆಳಗಿನ ಬಸ್ಸಿಗೆ ಅಪ್ಪ ಮಗಳು ಹೈದರಾಬಾದಿಗೆ ಹೊರಟರು. ಹಣಮಮ್ಮ ಬುತ್ತಿ ಕಟ್ಟಿಕೊಟ್ಟು, ಅಲ್ಲಿ ಯಾರಾದರೂ ಏನಾದರೂ ಕೇಳಿದರೆ ಹೆದರಬೇಡ, ನೀ ಮಾಸ್ತರ ಮೊಮ್ಮಗಳು ಎಂದಳು. ಮಮ್ತಾಜಳ ಮಾಮು ನಿಲ್ದಾಣಕ್ಕೇ ಬಂದು ಕಾಲೇಜಿಗೆ ಕರೆದೊಯ್ದ. ಅಂಕಪಟ್ಟಿ ನೋಡಿದರು, ನಾಲ್ಕು ಪ್ರಶ್ನೆ ಕೇಳಿದರು. ನಿಮ್ಮ ಸೀಮೆಯಲ್ಲಿ ಕಾಲುವೆ ಬಂದ ಮೇಲೆ ಯಾವ ಕಳೆ ಹೆಚ್ಚಾಗಿದೆ ಎಂದು ಒಬ್ಬ ಮೇಡಂ ಕೇಳಿದಾಗ, ಅವಳು ನಿಲ್ಲದೆ ಹೇಳುತ್ತಲೇ ಹೋದಳು. ಅಂದೇ ಸೀಟು ಕೊಟ್ಟರು. ಹಾಸ್ಟೆಲ್ಲೂ ಸಿಕ್ಕಿತು.

ಬೂತಿಗೆ ಫೋನು ಬಂದಾಗ ಮಮ್ತಾಜ ಸುದ್ದಿ ಹೇಳಲು ಅಂಗಡಿ ತೆರೆದಿಟ್ಟೇ ಹಣಮಮ್ಮನ ಬಳಿಗೆ ಓಡಿದಳಂತೆ.

ಕಲಬುರಗಿಯ ಪಟ್ಟಿ ಹಚ್ಚಿದಾಗ ಅದರಲ್ಲಿ ನೀಲಕಂಠನ ಹೆಸರೂ ಇತ್ತು. ದಿಲ್ಲಿಯಿಂದ ಇಲ್ಲವೆಂದು ಬರೆದಿದ್ದರು. ಅದನ್ನು ಅವನೇ ನಗುತ್ತ ಊರಿಗೆಲ್ಲ ಹೇಳಿದ.

ನಾಗರ ಅಮಾವಾಸ್ಯೆಗೆ ಎಲ್ಲರೂ ತಿಂಥಣಿಗೆ ಹೋದರು. ಓದಿಗೆ ಹೊರಡುವ ಮುಂಚೆ ಅಜ್ಜ ಕುಳಿತ ಮೆಟ್ಟಿಲು ನೋಡಬೇಕೆಂದು ಮರಿಲಿಂಗಮ್ಮ ಹಟ ಹಿಡಿದಿದ್ದಳು. ಸುಂದ್ರಮ್ಮನೂ ಮಗನೂ ಸಗರದಿಂದ ಬಂದಿದ್ದರು. ಕೃಷ್ಣೆ ದಡ ತುಂಬಿ ಕೆಂಪಗೆ ಹರಿಯುತ್ತಿದ್ದಳು.

ಹಿರಿಯರು ಗುಡಿಯೊಳಗೆ ಕಾಯಿ ಒಡೆಸುತ್ತಿದ್ದಾಗ ಅವಳು ಮೆಟ್ಟಿಲ ಮೇಲೆ ಕುಳಿತಳು. ಒಂದು ಮೆಟ್ಟಿಲು ಬಿಟ್ಟು ಕೆಳಗೆ ಅವನು ಕುಳಿತ. ನದಿಯನ್ನು ನೋಡಿದ, ಆಕಾಶ ನೋಡಿದ, ನೆನೆದ ಚಪ್ಪಲಿ ನೋಡಿದ. ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ.

"ಕೇಳಂಗಿಲ್ಲೇನ್ರಿ?" ಎಂದಳು ಅವಳೇ.

"ಗಡುವಿಲ್ಲ ಅಂದೀನಲ್ರಿ."

"ಗಡುವಿಲ್ಲದ ಅರ್ಜಿ ಬಂದಾಗಲೇ ತೂಗಬೇಕು ಅಂತಿದ್ದ ನಮ್ಮ ಮುತ್ಯಾ. ತಡ ಮಾಡಿದ್ರ ತುಂಬಿ ಹೋಗತೈತಂತ."

ಅವನು ತಿರುಗಿ ನೋಡಿದ. "ತೂಗಿದ್ರೇನು?"

"ನಿಮ್ಮದು ಬಂದ ದಿನಾನೇ ತೂಗೀನಿ. ಹೇಳಿದ್ದಿಲ್ಲ ಅಷ್ಟ." ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ಆದ್ರ ಓದು ಮುಗಿಯೂತನ ಕಾಯಬೇಕು. ಆಗತೈತೇನ್ರಿ?"

"ತುದಿ ಹೊಲದವರು ನಾವು. 'ನೀರು ಬರತೈತಿ' ಅನ್ನೂದು ಗೊತ್ತಾದ್ರ ಸಾಕು, ಎಷ್ಟು ದಿನ ಬೇಕಾದ್ರೂ ಕಾಯ್ತೀವಿ."

"ಕಲಬುರಗಿಯಿಂದ ಕಾಗದ ಬರೀತೀರೇನು?"

"ಬರೀತೀನಿ. ರಸಾಯನಶಾಸ್ತ್ರ ಬಿಟ್ಟು ಬ್ಯಾರೆ ಏನರ ಬರೀಬೇಕಲ್ಲ, ಕಲೀತೀನಿ."

ಅವಳು ನಕ್ಕಳು. ಅವನು ಆ ನಗುವನ್ನು ಎದುರಿಗೆ ಕುಳಿತು ನೋಡಿದ. ಈ ಸಲ ಅವನ ಬಾಯಲ್ಲಿ ಮುಚ್ಚಿಟ್ಟ ಮಾತು ಯಾವುದೂ ಇರಲಿಲ್ಲ.

ಗುಡಿಯೊಳಗಿಂದ ಹಣಮಮ್ಮ ಕರೆದಳು. ಇಬ್ಬರೂ ಎದ್ದು ಒಳಗೆ ಹೋಗಿ ಹಿರಿಯರ ಹಿಂದೆ ಕೈಮುಗಿದು ನಿಂತರು. ದೀಪದ ಮುಂದೆ ಮುದುಕಿ ಸೆರಗು ಹಾಸಿ, ಯಾರಿಗೂ ಅಂಜದೆ, ತನ್ನ ಮಾತಿನಲ್ಲೇ ಬೇಡಿಕೊಂಡಳು.

"ನಮ್ಮಪ್ಪಾ ಮೌನೇಶಾ, ನಮ್ಮಣ್ಣ ನಿನ್ನ ಮೆಟ್ಟಿಲಿಗಿ ಬಂದು ಕಣ್ಣು ಮುಚ್ಚ್ಯಾನ. ಮಂದಿ ಮಕ್ಕಳಿಗೆಲ್ಲ ದಾರಿ ಹೇಳಿ ಹೇಳಿ ದಣಿದ ಜೀವ ಅದು. ಅವಗ ನಿನ್ನ ಪಾದದ ಹತ್ತರ ತಣ್ಣನ ನೆಳ್ಳು ಕೊಡು. ಅವನ ಜೀವ ಶಾಂತಿಯಿಂದ ಇರಲಿ. ಅವನಂಗ ಹೋದವರ ಜೀವ ಎಲ್ಲಾನೂ ಶಾಂತಿಯಿಂದ ಇರಲಿ."